ಮೊದಲ ಸಲ ಹಾರರ್ ವೆಸ್ಟರ್ನ್ ಆಡಿಸೋ ಗೇಮ್ ಮಾಸ್ಟರ್‌ಗಳಿಗೆ: ಊರು ಮೊದ್ಲು, ದೆವ್ವ ಆಮೇಲೆ

ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆ ಫ್ರೆಂಡ್ಸ್ ಸೇರ್ಕೊಂಡು ಆರ್‌ಪಿಜಿ ಆಡೋರು ನನ್ನ ಹತ್ರ ಪದೇ ಪದೇ ಕೇಳೋ ಪ್ರಶ್ನೆ ಇದು: "ಕತ್ತಿ, ಕೋಟೆ, ಡ್ರಾಗನ್ ಎಲ್ಲಾ ಆಡಿ ಆಯ್ತು, ಈಗ ಕೌಬಾಯ್ ಊರಲ್ಲಿ ದೆವ್ವ ಇರೋ ಥರದ್ದು ಬೇಕು ಅಂತಿದಾರೆ, ಆಡಿಸ್ಬೇಕಾಗಿರೋದು ನಾನೇ, ಇದುವರೆಗೂ ಏನೂ ಆಡಿಸಿಲ್ಲ, ಎಲ್ಲಿಂದ ಶುರು ಮಾಡ್ಲಿ?" ಒಬ್ಬೊಬ್ರಿಗೂ ಬೇರೆ ಬೇರೆ ಹೇಳೋ ಬದ್ಲು ಎಲ್ಲಾ ಒಂದೇ ಕಡೆ ಬರೀತಿದೀನಿ. ಉದ್ದ ಆಗತ್ತೆ, ನಿಧಾನಕ್ಕೆ ಓದ್ಕೊಳ್ಳಿ.

ಹೊಸಬರಿಗೋಸ್ಕರ ಎರಡು ಮಾತು. ಆರ್‌ಪಿಜಿ ಅಂದ್ರೆ ಇಲ್ಲಿ ಮೊಬೈಲ್ ಗೇಮ್ ಅಲ್ಲ, ಮೂರ್ನಾಲ್ಕು ಜನ ಮೇಜಿನ ಸುತ್ತ ಕೂತು ಬಾಯಲ್ಲಿ ಆಡೋ ಕಥೆ. ಒಬ್ಬೊಬ್ರು ಒಂದೊಂದು ಪಾತ್ರ ತಗೋತಾರೆ, ಅದು ಕ್ಯಾರೆಕ್ಟರ್. ಊರು, ಜನ, ಹವೆ, ಅಪಾಯ, ಉಳಿದಿದ್ದೆಲ್ಲಾ ಒಬ್ರ ಕೈಲಿರತ್ತೆ, ಅವ್ರು ಗೇಮ್ ಮಾಸ್ಟರ್, ಚಿಕ್ಕದಾಗಿ ಜಿಎಂ. ಜಿಎಂ ಆಡಿಸೋ ಊರಿನ ಜನಕ್ಕೆ ಎನ್‌ಪಿಸಿ ಅಂತಾರೆ. ಆಗತ್ತೋ ಇಲ್ವೋ ಅನ್ನೋ ಅನುಮಾನ ಬಂದಾಗ ಡೈಸ್ ಹಾಕ್ತೀವಿ. ಹಾರರ್ ವೆಸ್ಟರ್ನ್ ಅಂದ್ರೆ 1860ರಿಂದ 1890ರ ಹತ್ರದ ಅಮೆರಿಕದ ಪಶ್ಚಿಮ ಭಾಗ, ಗಣಿ ಊರು, ದನ ಹೊಡ್ಕೊಂಡು ಹೋಗೋ ದಾರಿ, ರೈಲು ಹಳಿ, ಇದೆಲ್ಲದ್ರ ಮಧ್ಯೆ ಮನುಷ್ಯನ ಲೆಕ್ಕಕ್ಕೆ ಸಿಗದೇ ಇರೋ ಏನೋ ಒಂದು.

ಹೊಸಬರು ತಮ್ಮ ತಯಾರಿ ಟೈಮನ್ನೆಲ್ಲಾ ಆ ಏನೋ ಒಂದಕ್ಕೇ ಹಾಕ್ಬಿಡ್ತಾರೆ, ಅದಕ್ಕೆ ಎಷ್ಟು ಕೈ, ಎಷ್ಟು ಹಲ್ಲು, ಎಷ್ಟು ಪವರ್ ಅಂತ. ನನ್ನ ಪ್ರಕಾರ ಈ ಜಾನರ್‌ನಲ್ಲಿ (ಅಂದ್ರೆ ಈ ಬಗೆಯ ಕಥೇಲಿ) ಅರ್ಧಕ್ಕಿಂತ ಜಾಸ್ತಿ ಭಯ ಹುಟ್ಟಿಸೋದು ದೂರ. ಪಕ್ಕದ ಊರು ಎರಡು ದಿನದ ದಾರಿ, ಊರಿಗೆಲ್ಲಾ ಒಬ್ನೇ ಷೆರಿಫ್ ಅಂದ್ರೆ ಪೊಲೀಸ್ ಅಧಿಕಾರಿ, ಕುಡಿಯೋ ನೀರು ಒಂದೇ ಬಾವೀಲಿ, ಕೂಗಿದ್ರೆ ಯಾರೂ ಬರಲ್ಲ. ಇದನ್ನ ಸರಿಯಾಗಿ ಕಟ್ಟಿಬಿಟ್ರೆ ದೆವ್ವ ಬಾಗಿಲ ಹಿಂದೆ ನಿಂತಿದ್ರೂ ಸಾಕು. ಕೆಳಗಿನ ಎಲ್ಲಾ ಹಂತಗಳೂ ಇದೇ ಮಾತಿನ ಮೇಲೆ ನಿಂತಿವೆ.

ಏನೇನು ಬೇಕು

ಮೂರು ಅಥವಾ ನಾಲ್ಕು ಜನ ಪ್ಲೇಯರ್ಸ್, ಮೊದಲ ಸಲಕ್ಕೆ ಐದು ಬೇಡ. ಮೂರೂವರೆ ಗಂಟೆ ಟೈಮು. ಜೋಕರ್ ಎರಡೂ ಇರೋ ಒಂದು ಇಸ್ಪೀಟ್ ಪ್ಯಾಕು, ಇದು ಯಾವ ಸ್ಟೇಷನರಿ ಅಂಗಡೀಲೂ ಸಿಗತ್ತೆ. 4, 6, 8, 10, 12 ಮುಖದ ಡೈಸ್ ಸೆಟ್ ನಮ್ಮ ಕಡೆ ಅಂಗಡಿಗಳಲ್ಲಿ ಸಿಗೋದು ಕಷ್ಟ, ಆನ್‌ಲೈನ್‌ನಲ್ಲಿ ತರಿಸ್ಬೇಕು, ಅದು ಬರೋವರೆಗೂ ಫೋನ್‌ನಲ್ಲಿ ಡೈಸ್ ಆ್ಯಪ್ ಸಾಕು. ಪೋಕರ್ ಚಿಪ್ಸ್ ಬದ್ಲು ಹುಣಸೆ ಬೀಜ ಇಟ್ಕೊಳ್ಳಿ, ಯಾಕೆ ಅಂತ ಮುಂದೆ ಹೇಳ್ತೀನಿ. ಒಂದು ನೋಟ್‌ಬುಕ್, ಪೆನ್ಸಿಲ್ಲು.

1. ರೂಲ್ಸ್ ಆರಿಸ್ಕೊಳ್ಳಿ, ಪೂರ್ತಿ ಓದ್ಬೇಡಿ

ಈ ಜಾನರ್‌ಗೇ ಅಂತ ಇರೋ ಹೆಸರಾಂತ ಗೇಮ್ ಡೆಡ್‌ಲ್ಯಾಂಡ್ಸ್, 1996ರಲ್ಲಿ ಬಂದಿದ್ದು. ಅದ್ರಲ್ಲಿ ಜಿಎಂಗೆ ಮಾರ್ಷಲ್ ಅಂತಾರೆ, ಪ್ಲೇಯರ್ಸ್ ಗುಂಪಿಗೆ ಪಾಸಿ ಅಂತಾರೆ. ಈಗ ಅದು ಸ್ಯಾವೇಜ್ ವರ್ಲ್ಡ್ಸ್ ಅನ್ನೋ ರೂಲ್ಸ್ ಮೇಲೆ ನಡೆಯತ್ತೆ, ಅದ್ರ ಟೆಸ್ಟ್ ಡ್ರೈವ್ ಅನ್ನೋ ಚಿಕ್ಕ ಪಿಡಿಎಫ್ ಫ್ರೀ ಸಿಗತ್ತೆ, ಮೊದಲ ರಾತ್ರಿಗೆ ಅಷ್ಟೇ ಸಾಕು. ಇನ್ನೊಂದು ದಾರಿ 1981ರಿಂದ ಇರೋ ಕಾಲ್ ಆಫ್ ಕ್ತುಲ್ಹು, ಅದ್ರಲ್ಲಿ ಭಯಾನಕವಾದದ್ದು ನೋಡಿದಾಗೆಲ್ಲಾ ಕ್ಯಾರೆಕ್ಟರ್‌ನ ಬುದ್ಧಿ ಸ್ಥಿಮಿತದ ಪಾಯಿಂಟ್ ಕಡಿಮೆ ಆಗ್ತಾ ಹೋಗತ್ತೆ. ಎರಡೂ ಒಳ್ಳೇದೇ, ಆದ್ರೆ ಫಸ್ಟ್ ಟೈಮ್ ಆಡಿಸೋರಿಗೆ ನಾನು ಸ್ಯಾವೇಜ್ ವರ್ಲ್ಡ್ಸ್ ಅಂತೀನಿ, ಲೆಕ್ಕ ಸುಲಭ, ಇಸ್ಪೀಟ್ ಎಲೆ ಕೈಲಿದ್ರೆ ವೆಸ್ಟರ್ನ್ ಮೂಡ್ ತಾನಾಗೇ ಬರತ್ತೆ.

ಲೆಕ್ಕ ಇಷ್ಟೇ. ಕ್ಯಾರೆಕ್ಟರ್‌ನ ಒಂದೊಂದು ಕೌಶಲಕ್ಕೂ ಒಂದೊಂದು ಡೈಸ್ ಇರತ್ತೆ, ಅದ್ರ ಜೊತೆ ಯಾವಾಗ್ಲೂ ಇನ್ನೊಂದು 6 ಮುಖದ ಡೈಸ್ ಹಾಕ್ತಾರೆ, ಅದು ವೈಲ್ಡ್ ಡೈ. ಎರಡರಲ್ಲಿ ಯಾವುದಾದ್ರೂ ಒಂದು 4 ಅಥವಾ ಅದಕ್ಕಿಂತ ಜಾಸ್ತಿ ಬಿದ್ರೆ ಕೆಲ್ಸ ಆಯ್ತು. ಕೌಶಲ 6ರ ಡೈಸ್ ಇದ್ರೆ 75% ಸಲ ಆಗತ್ತೆ. ಈ 75 ನೆನಪಿಟ್ಕೊಳ್ಳಿ, ಕತ್ತಲೆ ವಿಷಯದಲ್ಲಿ ಬೇಕಾಗತ್ತೆ. ಒಬ್ಬೊಬ್ರಿಗೂ ಸೆಷನ್ ಶುರುವಾಗುವಾಗ ಮೂರು ಬೆನ್ನಿ ಕೊಡ್ತೀರಿ, ಅಂದ್ರೆ ಬಿದ್ದ ಡೈಸನ್ನ ಇನ್ನೊಂದ್ಸಲ ಹಾಕೋಕೆ ಅವಕಾಶ ಕೊಡೋ ಟೋಕನ್ನು. ಹುಣಸೆ ಬೀಜ ಇದಕ್ಕೇ.

2. ಆಡೋಕೆ ಮುಂಚೆ ಕೂತು ಮಾತಾಡಿ

ಇದಕ್ಕೆ ಸೆಷನ್ ಝೀರೋ ಅಂತಾರೆ, ಆಟ ಶುರುವಾಗೋ ಮೊದ್ಲು ಎಲ್ಲಾರೂ ಸೇರಿ ಏನು ಬೇಕು ಏನು ಬೇಡ ಅಂತ ಮಾತಾಡ್ಕೊಳ್ಳೋದು. ಹಾರರ್ ಆಡಿಸೋರು ಇದನ್ನ ಯಾವ ಕಾರಣಕ್ಕೂ ಬಿಡ್ಬಾರ್ದು. ಫ್ರೆಂಡ್ಸ್ ಅಲ್ವಾ, ಎಲ್ಲಾ ಗೊತ್ತಿದೆ ಅಂದ್ಕೋತೀರಿ, ಆದ್ರೆ ಎದುರಿಗೆ ಕೂತಿರೋ ಹುಡುಗಿ ಹೋದ್ವರ್ಷ ಮನೇಲಿ ಯಾರನ್ನ ಕಳ್ಕೊಂಡ್ಳು, ಹೇಗೆ ಕಳ್ಕೊಂಡ್ಳು ಅನ್ನೋದು ಆಟದ ಮಧ್ಯೆ ನೆನಪಾದ್ರೆ ತಡ ಆಗಿರತ್ತೆ.

ಮೂರು ಪ್ರಶ್ನೆ ಕೇಳಿ. ಕಥೇಲಿ ಬರ್ಲೇಬಾರ್ದು ಅನ್ನೋದು ಏನಿದೆ? ಬಂದ್ರೂ ಪರ್ವಾಗಿಲ್ಲ ವರ್ಣನೆ ಬೇಡ ಅನ್ನೋದು ಏನಿದೆ? ಎಷ್ಟು ರಕ್ತ ಓಕೆ? ಮಕ್ಕಳಿಗೆ ಆಗೋ ನೋವು, ಲೈಂಗಿಕ ದೌರ್ಜನ್ಯ, ಆತ್ಮಹತ್ಯೆ, ಇವನ್ನ ನೀವೇ ಹೆಸ್ರು ಹೇಳಿ ಕೇಳಿ, ಯಾಕಂದ್ರೆ ಅವ್ರಾಗೇ ಬಾಯಿ ಬಿಡೋದು ಕಷ್ಟ. ಉತ್ರ ವಾಟ್ಸಾಪ್‌ನಲ್ಲಿ ಪ್ರೈವೇಟಾಗಿ ಕಳ್ಸಿ ಅಂದ್ರೆ ಇನ್ನೂ ಚೆನ್ನಾಗಿ ಬರತ್ತೆ. ಮೇಜಿನ ಮಧ್ಯೆ ಒಂದು ಚೀಟಿ ಮೇಲೆ ದೊಡ್ಡದಾಗಿ ಇಂಟು ಮಾರ್ಕ್ ಬರ್ದು ಇಡಿ, ಯಾರಾದ್ರೂ ಅದನ್ನ ಮುಟ್ಟಿದ್ರೆ ಆ ದೃಶ್ಯ ಅಲ್ಲಿಗೇ ಕಟ್, ಯಾಕೆ ಅಂತ ಯಾರೂ ಕೇಳ್ಬಾರ್ದು. ಇದನ್ನ ಎಕ್ಸ್ ಕಾರ್ಡ್ ಅಂತಾರೆ. ಇದಿದ್ರೆ ಭಯ ಕಮ್ಮಿ ಆಗತ್ತೆ ಅಂತ ಕೆಲವ್ರು ವಾದ ಮಾಡ್ತಾರೆ, ನಾನು ಒಪ್ಪಲ್ಲ. ಬೇಕಾದಾಗ ನಿಲ್ಲಿಸ್ಬಹುದು ಅಂತ ಗೊತ್ತಿರೋ ಪ್ಲೇಯರ್ ಕತ್ತಲೆ ಒಳಗೆ ಇನ್ನೂ ಎರಡು ಹೆಜ್ಜೆ ಜಾಸ್ತಿನೇ ಬರ್ತಾನೆ.

ಇಲ್ಲೇ ಇನ್ನೊಂದು ಮಾತು. ಈ ಜಾನರ್‌ನಲ್ಲಿ ಹೊಸಬರು ಸುಲಭವಾಗಿ ಬೀಳೋ ಹಳ್ಳ "ಇಂಡಿಯನ್ನರ ಶಾಪ". ಅಪಾಚಿ, ಲಕೋಟ, ಕೊಮಾಂಚಿ, ನವಾಹೊ, ಇವೆಲ್ಲಾ ಅಮೆರಿಕದ ಬೇರೆ ಬೇರೆ ಮೂಲನಿವಾಸಿ ಜನಾಂಗಗಳು, ಬೇರೆ ಬೇರೆ ಭಾಷೆ, ಇವತ್ತಿಗೂ ಬದುಕಿರೋ ಜನ. ರೆಡ್ ಇಂಡಿಯನ್ ಅನ್ನೋ ಹಳೇ ಶಾಲೆ ಪುಸ್ತಕದ ಪದ ಬಿಟ್ಬಿಡಿ. 1868ರಲ್ಲಿ ಅಮೆರಿಕ ಸರ್ಕಾರದವ್ರು ಫೋರ್ಟ್ ಲಾರಮಿ ಒಪ್ಪಂದ ಮಾಡಿ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳು ಲಕೋಟರದ್ದು ಅಂತ ಬರ್ಕೊಟ್ರು, 1874ರಲ್ಲಿ ಅಲ್ಲಿ ಚಿನ್ನ ಸಿಕ್ತು, ಒಪ್ಪಂದ ಹೋಯ್ತು, 1890ರ ಡಿಸೆಂಬರ್ 29ಕ್ಕೆ ವೂಂಡೆಡ್ ನೀ ಅನ್ನೋ ಜಾಗದಲ್ಲಿ ಅವ್ರ ಸೈನಿಕರು ಲಕೋಟ ಹೆಂಗಸರು ಮಕ್ಕಳನ್ನೂ ಬಿಡದೆ ಕೊಂದ್ರು. ಇಷ್ಟೆಲ್ಲಾ ಆದ್ಮೇಲೆ ಅವ್ರ ದೇವರನ್ನೇ ನಮ್ಮ ಆಟದ ರಾಕ್ಷಸ ಮಾಡೋದು ಸರಿಯಲ್ಲ. ತೋಟದ ಮೂಲೇಲಿರೋ ಚೌಡಿ ಬನದ ಮುಂದೆ ಚಪ್ಪಲಿ ಬಿಟ್ಟು ನಡಿಯೋರು ನಾವು, ಆ ಚೌಡಿನ ಯಾರೋ ಹೊರಗಿನವ್ರು ರಕ್ತ ಕುಡಿಯೋ ಭೂತ ಅಂತ ಆಡಿಸಿದ್ರೆ ಹೇಗನ್ಸತ್ತೆ ಯೋಚ್ನೆ ಮಾಡಿ. ಶಾಪ ಬೇಕಾ, ಗಣಿ ಮಾಲೀಕನ ದುರಾಸೆಯಿಂದ ತನ್ನಿ, ಮುರಿದ ಮಾತಿನಿಂದ ತನ್ನಿ, ಅಲ್ಲಿ ಬೇಕಾದಷ್ಟಿದೆ.

3. ಒಂದು ಸಣ್ಣ ಊರು ಕಟ್ಟಿ, ಅದಕ್ಕೊಂದು ತೀರದ ಸಾಲ ಇರ್ಲಿ

ಮ್ಯಾಪ್ ಬಿಡಿಸ್ತಾ ಕೂರ್ಬೇಡಿ. ಒಂದೇ ಬೀದಿ, ಎಂಟು ಹತ್ತು ಕಟ್ಟಡ: ಸಲೂನ್ ಅಂದ್ರೆ ಹೆಂಡದಂಗಡಿ, ದಿನಸಿ ಅಂಗಡಿ, ಲಾಯ, ಟೆಲಿಗ್ರಾಫ್ ಆಫೀಸು, ಷೆರಿಫ್ ಕಚೇರಿ, ಚರ್ಚು, ಡಾಕ್ಟರ ಮನೆ, ಗಣಿ ಬಾಯಿ, ಬಾವಿ. ಸಾಕು.

ಈಗ ಸಾಲ. ಇಲ್ಲಿ ಸಾಲ ಅಂದ್ರೆ ದುಡ್ಡೇ ಆಗ್ಬೇಕಿಲ್ಲ, ಊರು ಮಾಡಿ ಮುಚ್ಚಿಟ್ಟಿರೋ ಒಂದು ತಪ್ಪು. ಉದಾಹರಣೆಗೆ ನಾನು ಕಟ್ಟಿರೋ ಊರು ಒಂದನ್ನ ಕೊಡ್ತೀನಿ, ಹೆಸ್ರು ಮರ್ಸಿ ವೆಲ್, ಅರಿಜೋನಾ ಟೆರಿಟರಿ, 1882, ಬೆಳ್ಳಿ ಗಣಿ. ಹೋದ್ವರ್ಷ ಗಣಿ ಒಳಗೆ ಬೆಂಕಿ ಬಿತ್ತು. ಬೆಂಕಿ ಬೆಳ್ಳಿ ಇರೋ ಕಡೆಗೆ ಹರಡ್ಬಾರ್ದು ಅಂತ ಒಂದು ಸುರಂಗದ ಬಾಯಿ ಮುಚ್ಚಿಸಿದ್ರು, ಒಳಗೆ ಜನ ಇದ್ರು. ಮುಚ್ಚೋಕೆ ಒಪ್ಪಿಗೆ ಅಂತ ಒಂದು ಕಾಗದಕ್ಕೆ ಐದು ಜನ ಸಹಿ ಹಾಕಿದ್ರು: ಷೆರಿಫ್, ಡಾಕ್ಟರು, ದಿನಸಿ ಅಂಗಡಿ ಯಜಮಾನಿ, ಪಾದ್ರಿ, ಟೆಲಿಗ್ರಾಫ್ ಆಪರೇಟರ್. ಈಗ ತಂತಿ ಕಟ್ ಆಗಿದ್ರೂ ರಾತ್ರಿ ಟೆಲಿಗ್ರಾಫ್ ಮಷೀನ್ ಟಿಕ್ ಟಿಕ್ ಅನ್ನತ್ತೆ, ಒಂದು ರಾತ್ರಿಗೆ ಒಂದು ಹೆಸ್ರು.

ಇದ್ರಲ್ಲಿ ದೆವ್ವದ ಆಕಾರನೇ ಇಲ್ಲ ನೋಡಿ. ಆದ್ರೂ ಐದು ಜನಕ್ಕೂ ಒಂದೊಂದು ಗುಟ್ಟು, ಒಂದೊಂದು ಭಯ, ಪ್ಲೇಯರ್ಸ್ ಯಾರನ್ನ ಮಾತಾಡ್ಸಿದ್ರೂ ಕಥೆ ಮುಂದೆ ಹೋಗತ್ತೆ. ನಿಮ್ಮ ಊರನ್ನೂ ಹೀಗೇ ಮಾಡಿ: ಏನಾಯ್ತು, ಯಾರು ಸತ್ರು, ಯಾರಿಗೆ ಲಾಭ ಆಯ್ತು, ಯಾರಿಗೆಲ್ಲಾ ಗೊತ್ತು. ನಾಲ್ಕು ಸಾಲಲ್ಲಿ ಬರೀಲಿಕ್ಕೆ ಆಗ್ಲಿಲ್ಲ ಅಂದ್ರೆ ಕಥೆ ಮೊದಲ ರಾತ್ರಿಗೆ ದೊಡ್ಡದಾಯ್ತು.

ನಿಜವಾದ ಇತಿಹಾಸದಿಂದಾನೂ ತಗೋಬಹುದು. 1846-47ರ ಚಳಿಗಾಲದಲ್ಲಿ ಡಾನರ್ ಗುಂಪು ಅಂತ ಸುಮಾರು 80 ಜನ ಸಿಯೆರಾ ನೆವಾಡ ಬೆಟ್ಟದ ಹಿಮದಲ್ಲಿ ಸಿಕ್ಕಿಹಾಕ್ಕೊಂಡ್ರು, ಹೆಚ್ಚುಕಮ್ಮಿ ಅರ್ಧ ಜನ ಸತ್ರು, ಉಳಿದವ್ರಲ್ಲಿ ಕೆಲವ್ರು ಸತ್ತವರ ಮಾಂಸ ತಿಂದು ಬದುಕಿದ್ರು. 1869ರ ಮೇ 10ಕ್ಕೆ ಯೂಟಾದಲ್ಲಿ ಪೂರ್ವ ಪಶ್ಚಿಮದ ರೈಲು ಹಳಿ ಸೇರ್ತು, ಪಶ್ಚಿಮದ ಕಡೆಯ ಹಳಿ ಹಾಕಿದವ್ರಲ್ಲಿ ಜಾಸ್ತಿ ಜನ ಚೀನಾದಿಂದ ಬಂದ ಕೂಲಿಗಳು. ಗಣಿಗಳಲ್ಲಿ ಕಾರ್ನ್‌ವಾಲ್‌ನಿಂದ ಬಂದ ಕೆಲಸಗಾರರು ಟಾಮಿನಾಕರ್ ಅನ್ನೋ ಕುಳ್ಳ ಭೂತಗಳನ್ನ ನಂಬ್ತಿದ್ರು, ಗೋಡೆ ಒಳಗಿಂದ ಟಕ್ ಟಕ್ ಅಂದ್ರೆ ಗಣಿ ಕುಸಿಯತ್ತೆ ಅಂತ ಅರ್ಥ. ಅದೇ ಕಾರ್ನ್‌ವಾಲ್ ಗಣಿ ಕೆಲಸಗಾರರು ನಮ್ಮ ಕೋಲಾರದ ಚಿನ್ನದ ಗಣಿಗೂ ಬಂದಿದ್ರು.

ಖಾಲಿಯಾದ ಗಣಿ ಊರು ಹೇಗಿರತ್ತೆ ಅಂತ ಗೊತ್ತಾಗ್ಬೇಕಂದ್ರೆ ಕ್ಯಾಲಿಫೋರ್ನಿಯಾದ ಬೋಡಿ ಅನ್ನೋ ಊರಿನ ಫೋಟೋ ನೋಡಿ, ಅಥವಾ ಕುದುರೆಮುಖ ಟೌನ್‌ಶಿಪ್ ಕಡೆ ಹೋಗ್ಬನ್ನಿ. 2005ರ ಕೊನೇಲಿ ಗಣಿ ನಿಂತ್ಮೇಲೆ ಖಾಲಿ ಬಿದ್ದ ಕ್ವಾರ್ಟರ್ಸ್ ಸಾಲಿನ ಮುಂದೆ ನಿಂತ್ರೆ ವರ್ಣನೆಗೆ ಬೇಕಾದ್ದು ತಾನಾಗೇ ಸಿಗತ್ತೆ.

4. ದೂರನ ಲೆಕ್ಕದಲ್ಲಿ ತೋರ್ಸಿ

ನಮ್ಮ ಪ್ಲೇಯರ್ಸ್‌ಗೆ ಇದು ಅಭ್ಯಾಸ ಇಲ್ಲ, ನಮ್ಮ ಕಡೆ ಐದು ಕಿಲೋಮೀಟರ್‌ಗೊಂದು ಊರು, ಹತ್ತಕ್ಕೊಂದು ಟೀ ಅಂಗಡಿ. ಅದಕ್ಕೇ ಅವ್ರಿಗೆ ಗೊತ್ತಿರೋ ದಾರೀಲೇ ಹೇಳಿ. ಕುದುರೆ ಮೇಲೆ ಒಂದು ದಿನಕ್ಕೆ 50ರಿಂದ 60 ಕಿಲೋಮೀಟರ್ ಹೋಗ್ಬಹುದು, ಅಂದ್ರೆ ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರು ಮುಟ್ಟೋಕೆ ಬೆಳಗಿಂದ ಸಂಜೆ. ಆ ದಾರೀಲಿ ಬೇಲೂರೂ ಇಲ್ಲ, ಯಗಚಿನೂ ಇಲ್ಲ, ಒಂದು ಮರದ ನೆರಳೂ ಇಲ್ಲ ಅಂತ ಅಂದ್ಕೊಳ್ಳಿ. ಒಂದು ಕುದುರೆಗೆ ದಿನಕ್ಕೆ 20ರಿಂದ 40 ಲೀಟರ್ ನೀರು ಬೇಕು. ನಾಲ್ಕು ಜನ, ನಾಲ್ಕು ಕುದುರೆ, ಬಾವಿ ನೀರು ಕೆಟ್ಟಿದೆ. ಊರು ಬಿಟ್ಟು ಹೋಗ್ತೀವಿ ಅಂತ ಯಾರಾದ್ರೂ ಅಂದ್ರೆ ಬೇಡ ಅನ್ಬೇಡಿ, ಈ ಲೆಕ್ಕ ಮುಂದಿಡಿ, ಅವ್ರೇ ಕೂತು ಕೂಡಿ ಕಳೆದು ವಾಪಸ್ ಬರ್ತಾರೆ.

ನಾಲ್ಕು ವಸ್ತುಗಳನ್ನ ನೋಟ್‌ಬುಕ್ಕಲ್ಲಿ ಎಲ್ಲರಿಗೂ ಕಾಣೋ ಹಾಗೆ ಬರ್ದಿಡಿ: ನೀರು, ಗುಂಡು, ಸೀಮೆಎಣ್ಣೆ, ಕುದುರೆ. ಖರ್ಚಾದ ಹಾಗೆ ಹೊಡೆದು ಹಾಕ್ತಾ ಬನ್ನಿ. ಒಂದೊಂದು ಗೀಟು ಬಿದ್ದಾಗ್ಲೂ ಎಲ್ಲರ ಕಣ್ಣು ಅಲ್ಲೇ ಹೋಗತ್ತೆ.

ಮಳೆ ಹಾಕ್ಬೇಕು ಅನ್ಸಿದ್ರೆ ಹಾಕಿ, ಅರಿಜೋನಾದಲ್ಲೂ ಜುಲೈಯಿಂದ ಸೆಪ್ಟೆಂಬರ್ ತನಕ ಮಳೆಗಾಲ ಇದೆ. ಆದ್ರೆ ನಮ್ಮ ಮಲೆನಾಡಿನ ವಾರಗಟ್ಟಲೆ ಹಿಡಿಯೋ ಜಡಿ ಮಳೆ ಅಲ್ಲ, ಮಧ್ಯಾಹ್ನ ಮೋಡ ಕಟ್ಟಿ ಗುಡುಗು ಸಿಡಿಲಲ್ಲಿ ಹೊಡೆದು ಹೋಗತ್ತೆ, ಒಣಗಿ ಬಿದ್ದಿದ್ದ ಹಳ್ಳ ಇದ್ದಕ್ಕಿದ್ದ ಹಾಗೆ ತುಂಬಿ ಬರತ್ತೆ. ಹಳ್ಳದಲ್ಲಿ ಬಿಡಾರ ಹಾಕಿದವ್ರ ಗತಿ ಮುಗೀತು.

5. ಕ್ಯಾರೆಕ್ಟರ್‌ಗಳನ್ನ ಊರಿಗೆ ಕಟ್ಟಿ

ಎಲ್ಲರಿಗೂ ಒಂದೇ ಪ್ರಶ್ನೆ: ಈ ಊರಲ್ಲಿ ನಿನ್ನವ್ರು ಯಾರಿದಾರೆ? ತಮ್ಮ ಗಣೀಲಿದ್ದ, ಅಂಗಡಿಗೆ ಬಾಕಿ ಕೊಡ್ಬೇಕು, ಡಾಕ್ಟರ್ ಒಂದ್ಸಲ ಜೀವ ಉಳಿಸಿದ್ರು, ಏನಾದ್ರೂ ಸರಿ. ಉತ್ರ ಇಲ್ಲದ ಕ್ಯಾರೆಕ್ಟರ್ ಮೊದಲ ಹೆಣ ನೋಡಿದ್ ತಕ್ಷಣ ಕುದುರೆ ಹತ್ತಿ ಹೊರಡ್ತಾನೆ, ಅದು ಅವ್ನ ತಪ್ಪಲ್ಲ.

ಎಲ್ಲರೂ ಟೋಪಿ ಹಾಕಿರೋ ಬಿಳಿ ಗನ್‌ಮ್ಯಾನ್ ಆಗ್ಬೇಕಿಲ್ಲ ಅಂತಾನೂ ಹೇಳಿ. ಆ ಕಾಲದ ಕೌಬಾಯ್‌ಗಳಲ್ಲಿ ಕರಿಯರು, ಮೆಕ್ಸಿಕನ್ನರು ತುಂಬಾ ಜನ ಇದ್ರು. ರೈಲು ಕೆಲ್ಸ ಬಿಟ್ಟು ಲಾಂಡ್ರಿ ಇಟ್ಟಿರೋ ಚೀನಾದವ್ನು, ಗಂಡ ಸತ್ಮೇಲೆ, ಸರ್ಕಾರ ಉಳೋಕೆ ಕೊಟ್ಟ 160 ಎಕರೆ ಹೋಮ್‌ಸ್ಟೆಡ್ ಜಮೀನು ಒಬ್ಳೇ ನೋಡ್ಕೊಳ್ಳೋ ಹೆಂಗಸು, ಅಮೆರಿಕದ ಅಂತರ್ಯುದ್ಧ ಮುಗ್ಸಿ ಬಂದ ನರ್ಸ್, ಇವ್ರೆಲ್ಲಾ ಗನ್‌ಮ್ಯಾನ್‌ಗಿಂತ ಒಳ್ಳೇ ಹಾರರ್ ಕ್ಯಾರೆಕ್ಟರ್‌ಗಳು.

6. ಭಯನ ಮೆಟ್ಟಿಲು ಮೆಟ್ಟಿಲಾಗಿ ಏರ್ಸಿ

ಈ ಹಂತದ ಮೇಲೆ ಜಾಸ್ತಿ ಟೈಮ್ ಕೊಡಿ. ನಮ್ಮ ಕಡೆ ಕೊಳ್ಳಿದೆವ್ವದ ಕಥೆ ಹೇಳೋ ಅಜ್ಜಂದಿರನ್ನ ಕೇಳಿದೀರಲ್ಲ, ಅವ್ರು ದೆವ್ವನ ವರ್ಣಿಸಲ್ಲ, ಜಾಗನ ವರ್ಣಿಸ್ತಾರೆ: ಯಾವ ಗದ್ದೆ ಬದು, ಯಾವ ತಿರುವು, ಕೈಲಿದ್ದ ಬ್ಯಾಟರಿ ಎಲ್ಲಿ ಆರಿಹೋಯ್ತು, ಜೊತೇಲಿ ಬರ್ತಿದ್ದ ನಾಯಿ ಎಲ್ಲಿ ನಿಂತ್ಬಿಡ್ತು. ಕೇಳಿದವ್ರು ಮಾರನೇ ದಿನದಿಂದ ಆ ತಿರುವಲ್ಲಿ ಬೇಗ ಬೇಗ ಹೆಜ್ಜೆ ಹಾಕ್ತಾರೆ. ನೀವು ಮಾಡ್ಬೇಕಾಗಿರೋದೂ ಅದೇ.

ಮೆಟ್ಟಿಲು ನಾಲ್ಕು ಇರ್ಲಿ. ಮೊದಲ್ನೇದು ದಿನನಿತ್ಯದ್ದೇ ಆದ್ರೆ ಸ್ವಲ್ಪ ತಪ್ಪಾಗಿರೋದು, ಕುದುರೆ ಬಾವಿ ಹತ್ರ ಹೋಗ್ತಿಲ್ಲ. ಎರಡನೇದು ವಿವರಣೆ ಕೊಡ್ಬಹುದು ಆದ್ರೆ ಸಮಾಧಾನ ಆಗಲ್ಲ, ಬಾವಿ ನೀರು ಸುಟ್ಟ ಮರದ ವಾಸನೆ. ಮೂರನೇದಕ್ಕೆ ವಿವರಣೆನೇ ಇಲ್ಲ, ಕಟ್ ಆಗಿರೋ ತಂತೀಲಿ ಹೆಸ್ರು. ನಾಲ್ಕನೇದು ಅದು ಅವ್ರಿಗೆ ಬೇಕಾದವ್ರನ್ನ ಮುಟ್ಟತ್ತೆ. ಮೊದಲ ಎರಡು ಗಂಟೆ ಒಂದು ಎರಡು ಮೆಟ್ಟಿಲಲ್ಲೇ ಕಳೀರಿ. ಅವಸರ ಮಾಡಿ ನಾಲ್ಕಕ್ಕೆ ಹಾರಿದ್ರೆ ಅದು ಬೇಟೆ ಆಟ ಆಗೋಗತ್ತೆ.

ಮೇಜಿನ ಮೇಲೆ ಇದು ಹೇಗೆ ಕೇಳ್ಸತ್ತೆ ಅಂತ ಒಂದು ತುಣುಕು:

ಜಿಎಂ: ಟೆಲಿಗ್ರಾಫ್ ಆಫೀಸ್ ಬಾಗಿಲು ತೆರ್ದೇ ಇದೆ. ಮೇಜಿನ ಮೇಲೆ ದೀಪ ಸಣ್ಣಗೆ ಉರೀತಿದೆ. ಆಪರೇಟರ್ ಇಲ್ಲ, ಅವ್ನ ಕಾಫಿ ಇನ್ನೂ ಹೊಗೆ ಆಡ್ತಿದೆ.
ಪ್ಲೇಯರ್: ಮಷೀನ್ ಹತ್ರ ಹೋಗ್ತೀನಿ ಕಣೋ.
ಜಿಎಂ: ಟಿಕ್ ಟಿಕ್ ಅಂತಿದೆ.
ಪ್ಲೇಯರ್: ಮಗಾ, ತಂತಿ ಕಟ್ ಆಗಿತ್ತಲ್ವಾ? ಬರ್ತಾ ನೋಡಿದ್ವಿ.
ಜಿಎಂ: ಹೌದು, ನೋಡಿದ್ರಿ. ನಿನ್ನ ಕ್ಯಾರೆಕ್ಟರ್‌ಗೆ ಟಿಕ್ ಟಿಕ್ ಓದೋ ಮೋರ್ಸ್ ಕೋಡ್ ಬರತ್ತೆ. ಒಂದೇ ಹೆಸ್ರು ಮತ್ತೆ ಮತ್ತೆ ಬರ್ತಿದೆ. ಡಾಕ್ಟರದ್ದು.
ಪ್ಲೇಯರ್: ಡಾಕ್ಟರ್ ಈಗ ಎಲ್ಲಿದಾರೆ?
ಜಿಎಂ: ಕಿಟಕಿ ಹೊರಗೆ, ಬೀದಿ ಮಧ್ಯೆ. ಲಾಟೀನು ಹಿಡ್ಕೊಂಡು ನಿಂತಿದಾರೆ. ಆ ಟಿಕ್ ಟಿಕ್ ಸದ್ದನ್ನ ಅವ್ರೂ ಎಣಿಸ್ತಿದಾರೆ.

ಇಲ್ಲಿ ಜಿಎಂ "ನಿಮ್ಗೆ ತುಂಬಾ ಭಯ ಆಗತ್ತೆ" ಅಂತ ಎಲ್ಲೂ ಹೇಳಿಲ್ಲ. ಕಣ್ಣಿಗೆ, ಕಿವಿಗೆ, ಮೂಗಿಗೆ ಏನು ಸಿಗತ್ತೆ ಅಷ್ಟೇ ಹೇಳಿ ಸುಮ್ನಾಗಿದಾರೆ. ಆ ಸುಮ್ನಾಗೋದು ಕಲೀರಿ. ಹೊಸಬರು ಮೌನ ಬಂದ್ರೆ ಗಾಬರಿಯಾಗಿ ಇನ್ನೂ ನಾಲ್ಕು ವಾಕ್ಯ ಸೇರಿಸ್ತಾರೆ, ಅಲ್ಲಿಗೆ ಭಯ ಕರಗಿ ಹೋಗತ್ತೆ.

ಭಾಷೆ ಬಗ್ಗೆ. ಕನ್ನಡದಲ್ಲೇ ಆಡಿಸಿ, ಸಿನಿಮಾ ಡಬ್ಬಿಂಗ್ ಥರ "ಓ ನನ್ನ ಪ್ರಿಯ ಗೆಳೆಯನೇ" ಬೇಡ. ಎನ್‌ಪಿಸಿ ಬದಲಾಗಿದಾನೆ ಅಂತ ತೋರಿಸ್ಬೇಕಾದ್ರೆ ಮರ್ಯಾದೆ ಬದಲಾಯ್ಸಿ: ಮೊದಲ ದಿನ "ಬನ್ನಿ, ಕೂತ್ಕೊಳ್ಳಿ" ಅಂದ ಅಂಗಡಿ ಯಜಮಾನಿ ಮೂರನೇ ದಿನ ಕತ್ತಲೇಲಿ "ಯಾಕ್ ಬಂದೆ" ಅಂದ್ರೆ ಮೇಜಿನ ಸುತ್ತ ಇರೋರೆಲ್ಲಾ ನೆಟ್ಟಗೆ ಕೂರ್ತಾರೆ.

7. ಗನ್ ಇರ್ಲಿ, ಆದ್ರೆ ಗನ್ನಿಂದ ಬಗೆಹರಿಯದೇ ಇರ್ಲಿ

ವೆಸ್ಟರ್ನ್‌ನಲ್ಲಿ ಎಲ್ಲರ ಸೊಂಟದಲ್ಲೂ ಪಿಸ್ತೂಲ್ ಇರತ್ತೆ, ಅದನ್ನ ಕಿತ್ಕೋಬೇಡಿ, ಪ್ಲೇಯರ್ಸ್‌ಗೆ ಬೇಜಾರಾಗತ್ತೆ. ಅದ್ರ ಮಿತಿ ತೋರ್ಸಿ. 1873ರ ಕೋಲ್ಟ್ ರಿವಾಲ್ವರ್‌ಗೆ ಆರು ಗುಂಡು ಹಿಡಿಯತ್ತೆ, ಆದ್ರೆ ಜಾಗ್ರತೆ ಇರೋರು ಐದೇ ತುಂಬ್ತಿದ್ರು, ಪೆಟ್ಟು ತಗುಲಿ ತಾನಾಗೇ ಹಾರದೇ ಇರ್ಲಿ ಅಂತ ಕುದುರೆಯ ಕೆಳಗಿನ ಮನೆ ಖಾಲಿ ಬಿಡ್ತಿದ್ರು, ಕುದುರೆ ಅಂದ್ರೆ ಗನ್ನಿನ ಹಿಂದೆ ಹೆಬ್ಬೆಟ್ಟಲ್ಲಿ ಎಳೆಯೋ ಭಾಗ. ಖಾಲಿಯಾದ್ಮೇಲೆ ಪಕ್ಕದ ಸಣ್ಣ ಬಾಗಿಲು ತೆಗ್ದು, ಒಂದೊಂದೇ ಖಾಲಿ ತೋಟೆ ಕಡ್ಡಿಯಿಂದ ತಳ್ಳಿ, ಒಂದೊಂದೇ ಹೊಸದು ತುಂಬ್ಬೇಕು. ನಡುಗೋ ಕೈಲಿ, ಕತ್ತಲೇಲಿ. ಆಗಿನ ಕರಿ ಮದ್ದು ಎಷ್ಟು ಹೊಗೆ ಬಿಡತ್ತೆ ಅಂದ್ರೆ ಮುಚ್ಚಿದ ಕೋಣೇಲಿ ನಾಲ್ಕು ಸಲ ಹೊಡೆದ್ರೆ ಎದುರಿಗಿರೋದೇ ಕಾಣಲ್ಲ. ಟೂಂಬ್‌ಸ್ಟೋನ್ ಊರಿನ ಓಕೆ ಕೊರಾಲ್ ಗುಂಡಿನ ಕಾಳಗ, 1881ರ ಅಕ್ಟೋಬರ್ 26ರದ್ದು, ಅಷ್ಟು ಹೆಸರಾಗಿದ್ರೂ ನಡೆದಿದ್ದು ಸುಮಾರು ಅರ್ಧ ನಿಮಿಷ. ನಿಮ್ಮ ಫೈಟ್‌ಗಳೂ ಚಿಕ್ಕದಾಗಿ ಮುಗೀಲಿ.

ಈಗ ಆ 75%. ಮಬ್ಬು ಬೆಳಕಲ್ಲಿ ಗುಂಡು ಹೊಡೆದ್ರೆ ಸ್ಯಾವೇಜ್ ವರ್ಲ್ಡ್ಸ್ ರೂಲ್ ಪ್ರಕಾರ ಬಿದ್ದ ಡೈಸಿಂದ 2 ಕಳೀತಾರೆ, ಅಂದ್ರೆ 4 ಸಾಕಾಗ್ತಿದ್ದ ಕಡೆ 6 ಬೀಳ್ಬೇಕು. 75 ಇದ್ದದ್ದು ಸುಮಾರು 31ಕ್ಕೆ ಬಂತು. ಪೂರ್ತಿ ಕತ್ತಲಾದ್ರೆ ಇನ್ನೂ ಕಮ್ಮಿ. ದೊಡ್ಡ ರಾಕ್ಷಸನ ಅಂಕಿಅಂಶ ಬರೆಯೋದಕ್ಕಿಂತ ದೀಪ ಆರಿಸೋದು ಎಷ್ಟು ಬಲವಾದ ಅಸ್ತ್ರ ಅಂತ ಇದ್ರಲ್ಲೇ ಗೊತ್ತಾಗತ್ತೆ.

ಫೈಟ್‌ನಲ್ಲಿ ಯಾರು ಮೊದ್ಲು ಅನ್ನೋದು ಇಸ್ಪೀಟ್ ಎಲೆಯಿಂದ: ಪ್ರತಿ ಸುತ್ತಿಗೂ ಒಬ್ಬೊಬ್ರಿಗೆ ಒಂದೊಂದು ಎಲೆ, ಎಕ್ಕ ಮೊದ್ಲು, ಆಮೇಲೆ ರಾಜ, ರಾಣಿ, ಗುಲಾಮ ಹೀಗೆ ಕೆಳಗೆ. ಸಮ ಬಂದ್ರೆ ಇಸ್ಪೀಟು, ಆಟೀನು, ಡೈಮಂಡು, ಕಳಾವರ್ ಈ ಕ್ರಮ. ಜೋಕರ್ ಬಂದವ್ರು ಯಾವಾಗ ಬೇಕಾದ್ರೂ ಆಡ್ಬಹುದು, ಡೈಸ್‌ಗೆ 2 ಸೇರತ್ತೆ. ರಮ್ಮಿ ಆಡಿ ಬೆಳೆದವ್ರಿಗೆ ಐದು ನಿಮಿಷದಲ್ಲಿ ಬರತ್ತೆ.

ಕೊನೇದಾಗಿ, ಕೆಟ್ಟದ್ದನ್ನ ತಡೆಯೋ ದಾರಿ ಗುಂಡಲ್ಲಿ ಇರ್ಬಾರ್ದು, ಮೂರನೇ ಹಂತದಲ್ಲಿ ಬರೆದ ಸಾಲದಲ್ಲಿ ಇರ್ಬೇಕು. ಮರ್ಸಿ ವೆಲ್‌ನಲ್ಲಿ ಮುಚ್ಚಿದ ಸುರಂಗ ತೆಗೀಬೇಕು, ಒಳಗಿರೋರ ಹೆಸ್ರು ಊರವ್ರ ಮುಂದೆ ಓದ್ಬೇಕು, ಮಣ್ಣು ಮಾಡ್ಬೇಕು. ಅದಕ್ಕೆ ಸಹಿ ಹಾಕಿದವ್ರು ಬಿಡಲ್ಲ. ಆಗ ಪ್ಲೇಯರ್ಸ್ ಯಾರ ಮೇಲೆ ಗನ್ ಎತ್ತಬೇಕು ಅಂತ ಯೋಚ್ನೆ ಮಾಡೋ ಹಾಗಾಗತ್ತೆ, ನಿಜವಾದ ಆಟ ಅಲ್ಲಿದೆ.

8. ಸುಳಿವು ಮೂರು ಕಡೆ ಇಡಿ

ಒಂದೇ ಕಡೆ ಇಟ್ರೆ ಪ್ಲೇಯರ್ಸ್ ಅಲ್ಲಿಗೆ ಹೋಗೋದೇ ಇಲ್ಲ. ಸಹಿ ಹಾಕಿದ ಕಾಗದ ಪಾದ್ರಿ ಹತ್ರ, ಅದೇ ವಿಷಯ ಕುಡ್ದಾಗ ಬಾಯಿ ಬಿಡೋ ಲಾಯದವ್ನ ಹತ್ರ, ಅದೇ ಸತ್ತ ಗಣಿ ಕೆಲಸಗಾರನ ಹೆಂಡತಿ ಹತ್ರ. ಮುಖ್ಯವಾದ ಸುಳಿವಿಗೆ ಡೈಸ್ ಹಾಕಿಸ್ಬೇಡಿ, ಹುಡುಕಿದ್ರೆ ಸಿಗ್ಲಿ.

9. ಆಡೋ ರಾತ್ರಿ

ಫೋನ್ ಎಲ್ಲಾ ಒಂದು ಬುಟ್ಟೀಲಿ, ಡೈಸ್ ಆ್ಯಪ್ ಬೇಕಾದ್ರೆ ಅದಕ್ಕೊಂದು ಬಿಟ್ಟು. ಟ್ಯೂಬ್‌ಲೈಟ್ ಆರ್ಸಿ ಒಂದು ಮೇಜಿನ ದೀಪ ಇಡಿ, ಡೈಸ್ ಕಾಣೋಷ್ಟು ಬೆಳಕಿರ್ಲಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗೋದು ಗ್ಯಾರಂಟಿ, ಮೇಣದ ಬತ್ತಿ, ಬೆಂಕಿಪೊಟ್ಣ ಕೈಗೆ ಸಿಗೋ ಹಾಗಿರ್ಲಿ, ಆಟ ನಿಲ್ಲಿಸ್ಬೇಡಿ. ಹಿನ್ನೆಲೆ ಸಂಗೀತ ನಾನು ಬೇಡ ಅಂತೀನಿ, ಜಿಎಂ ಗಮನ ಅರ್ಧ ಸ್ಪೀಕರ್ ಕಡೆ ಹೋಗತ್ತೆ, ಹೆಂಚಿನ ಮೇಲೆ ಬೀಳೋ ಮಳೆ ಸದ್ದು ಅದಕ್ಕಿಂತ ಚೆನ್ನಾಗಿದೆ.

ಒಂದು ಗಂಟೆ ಇಪ್ಪತ್ತು ನಿಮಿಷಕ್ಕೊಂದು ಬ್ರೇಕ್, ಕಾಫಿ. ಕೌಬಾಯ್‌ಗಳೂ ಕಾಫಿ ಇಲ್ಲದೆ ಬದುಕ್ತಿರ್ಲಿಲ್ಲ, ಮೊದ್ಲೆಲ್ಲಾ ಹಸಿ ಬೀಜ ತಂದು ಬಾಣಲೇಲಿ ತಾವೇ ಹುರೀತಿದ್ರು, ಆಮೇಲೆ ಆರ್ಬಕಲ್ ಕಂಪನಿ ಹುರಿದ ಬೀಜನ ಪ್ಯಾಕೆಟ್ ಮಾಡಿ ಒಳಗೊಂದು ಪೆಪ್ಪರ್‌ಮಿಂಟ್ ಕಡ್ಡಿ ಇಟ್ಟು ಮಾರಕ್ಕೆ ಶುರು ಮಾಡ್ತು. ತೋಟದ ಮನೆ ಹುಡುಗ್ರಿಗೆ ಈ ವಿವರ ಹೇಳಿದ್ರೆ ಬಿಡಾರದ ದೃಶ್ಯ ಅವ್ರೇ ಆಡ್ತಾರೆ.

ಯಾರಾದ್ರೂ ಜೋಕ್ ಹೊಡೆದ್ರೆ ಬೈಬೇಡಿ. ಭಯ ಆದವ್ರು ನಗ್ತಾರೆ. ನಗು ಮುಗಿಯೋವರೆಗೂ ಕಾದು, ದನಿ ತಗ್ಗಿಸಿ, ಅದೇ ವಾಕ್ಯದಿಂದ ಮತ್ತೆ ಹೇಳಿ. ಒಬ್ರು ಸುಮ್ನೆ ಕೂತಿದ್ರೆ "ನೀನೇನ್ ಮಾಡ್ತೀಯ" ಅಂತ ಕೇಳೋ ಬದ್ಲು "ಬಾವಿ ಕಡೆಯಿಂದ ಯಾರೋ ನಿನ್ನ ಹೆಸ್ರು ಕೂಗಿದ ಹಾಗಾಯ್ತು, ತಿರುಗ್ತೀಯಾ?" ಅನ್ನಿ. ಗುಂಪು ಒಡೆದು ಎರಡು ಕಡೆ ಹೋದ್ರೆ ಹಾರರ್‌ನಲ್ಲಿ ಅದು ಒಳ್ಳೇದೇ, ಆದ್ರೆ ಒಂದೊಂದು ಕಡೆಗೂ ಐದು ನಿಮಿಷಕ್ಕಿಂತ ಜಾಸ್ತಿ ಕೊಡ್ಬೇಡಿ, ಉಸಿರು ಬಿಗಿ ಹಿಡಿಯೋ ಕಡೆ ಕಟ್ ಮಾಡಿ ಇನ್ನೊಂದು ಕಡೆ ಹೋಗಿ.

ಕೊನೇ ಬಸ್ ಹಿಡೀಬೇಕಾದವ್ರು ಇದ್ರೆ ಮುಗಿಸೋ ಟೈಮ್ ಮೊದ್ಲೇ ಗೋಡೆ ಮೇಲೆ ಬರೀರಿ, ಮುಕ್ಕಾಲು ಗಂಟೆ ಉಳಿದಾಗ ನಾಲ್ಕನೇ ಮೆಟ್ಟಿಲು ಹತ್ತಿ. ಅರ್ಧಕ್ಕೆ ನಿಂತ ಹಾರರ್ ಮುಂದಿನ ವಾರಕ್ಕೆ ತಣ್ಣಗಾಗಿರತ್ತೆ.

10. ಮುಗಿದ ಮೇಲೆ

ದೀಪ ಹಾಕಿ, ಹತ್ತು ನಿಮಿಷ ಕೂತು ಮಾತಾಡಿ. ಯಾವ ದೃಶ್ಯ ಹಿಡಿಸ್ತು, ಯಾವುದು ಜಾಸ್ತಿ ಆಯ್ತು. ಸಪ್ಪಗಿರೋರು ಯಾರಾದ್ರೂ ಇದ್ರೆ ಮಾರನೇ ದಿನ ಒಂದು ಫೋನ್ ಮಾಡಿ.

ಡೆಡ್‌ಲ್ಯಾಂಡ್ಸ್‌ನಲ್ಲಿ ನನಗೆ ತುಂಬಾ ಇಷ್ಟವಾದ ಒಂದು ರೂಲ್ ಇದೆ: ಕೆಟ್ಟದ್ದನ್ನ ಸೋಲಿಸಿದ್ರೆ ಸಾಲದು, ಪ್ಲೇಯರ್ಸ್ ಆ ಕಥೇನ ಊರವ್ರಿಗೆ ಹೇಳ್ಬೇಕು, ಕೇಳಿದವ್ರ ಧೈರ್ಯ ಹೆಚ್ಚಿದ ಹಾಗೆ ಆ ಜಾಗದ ಭಯದ ಮಟ್ಟ ಇಳಿಯತ್ತೆ. ನೀವು ಯಾವ ರೂಲ್ಸ್ ಆಡಿಸಿದ್ರೂ ಇದನ್ನ ಸೇರಿಸ್ಕೊಳ್ಳಿ. ಒಬ್ಬ ಪ್ಲೇಯರ್ ಸಲೂನ್‌ನಲ್ಲಿ ಎದ್ದು ನಿಂತು ನಡೆದಿದ್ದನ್ನ ತನ್ನ ಮಾತಲ್ಲಿ ಹೇಳ್ಲಿ, ಉಳಿದವ್ರು ಊರವ್ರಾಗಿ ಕೇಳ್ಲಿ, ಪ್ರಶ್ನೆ ಹಾಕ್ಲಿ.

ಒಂದು ರಾತ್ರೀದು ಮುಗಿದು ಇನ್ನೂ ಆಡ್ಬೇಕು ಅಂದ್ರೆ ಊರು ಅದೇ ಇರ್ಲಿ, ಸಹಿ ಹಾಕಿದವ್ರಲ್ಲಿ ಬದುಕುಳಿದವ್ರು ಯಾರು, ಗಣಿ ಮಾಲೀಕ ದೂರದೂರಲ್ಲಿ ಕೂತು ಈಗ ಏನ್ ಮಾಡ್ತಾನೆ ಅನ್ನೋ ಎರಡು ಪ್ರಶ್ನೆ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ಮುಂದಿನ ಡೇಟನ್ನ ಎಲ್ಲರೂ ಎದ್ದು ಹೋಗೋ ಮುಂಚೆನೇ ಫಿಕ್ಸ್ ಮಾಡಿ, ಸೆಪ್ಟೆಂಬರ್ ಅಕ್ಟೋಬರ್ ಒಳಗೆ ಮೂರ್ನಾಲ್ಕು ಸೆಷನ್ ಮುಗಿಸ್ಕೊಳ್ಳಿ, ಆಮೇಲೆ ಕಾಫಿ ಕೊಯ್ಲು ಶುರುವಾದ್ರೆ ತೋಟದ ಮನೆಯವ್ರು ಫೆಬ್ರವರಿ ತನಕ ಕೈಗೆ ಸಿಗಲ್ಲ.